ಹೇಸರಗತ್ತೆಯ ಬೆನ್ನಿಗೆ ಒಪ್ಪುವ ಫಿರಂಗಿ

ಕಡಿದಾದ ಬೆಟ್ಟದ ಹಾದಿಯಲ್ಲಿ ಹೇಸರಗತ್ತೆಯೊಂದು ಹೊತ್ತು ನಡೆಯಬಲ್ಲದ್ದು ಸುಮಾರು ನೂರು ಕಿಲೋ. ಇಟಲಿಯ ಬೆಟ್ಟದ ಫಿರಂಗಿದಳಗಳ ಲೆಕ್ಕವೆಲ್ಲ ಶುರುವಾಗುತ್ತಿದ್ದದ್ದೇ ಇಲ್ಲಿಂದ.

1915ರಲ್ಲಿ ಕಟ್ಟಿದ 3ನೇ ಬೆಟ್ಟದ ಫಿರಂಗಿ ರೆಜಿಮೆಂಟ್ ಮುಂದೆ ಬೆಟ್ಟದ ಯುದ್ಧಕ್ಕೆಂದೇ ಇದ್ದ ‘ಯೂಲಿಯಾ’ ಆಲ್ಪೈನ್ ಡಿವಿಜನ್ನಿಗೆ ಸೇರಿತು. ಎರಡನೇ ಮಹಾಯುದ್ಧದಲ್ಲಿ ಅದರ ಕೈಯಲ್ಲಿದ್ದದ್ದು 75/13 ಹವಿಟ್ಜರ್, ಅಂದರೆ ಗುಂಡನ್ನು ಕಮಾನಿನಂತೆ ಮೇಲಕ್ಕೆ ಎಸೆಯುವ ಮೋಟು ನಳಿಗೆಯ ಫಿರಂಗಿ. ಬಾಯಿಯ ಅಗಲ 75 ಮಿಲಿಮೀಟರ್, ಹೆಸರಿನ ಲೆಕ್ಕದಲ್ಲಿ ನಳಿಗೆಯ ಉದ್ದ ಅದರ 13 ಪಟ್ಟು, ಅಂದರೆ ಒಂದು ಮೀಟರಿನ ಆಸುಪಾಸು. ಇದು ಮೂಲದಲ್ಲಿ ಶತ್ರುವಿನ ಫಿರಂಗಿ! ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾ-ಹಂಗೆರಿಯ ಸೈನ್ಯ ಇಟಲಿಯ ಮೇಲೆ ಹಾರಿಸುತ್ತಿದ್ದ, ಶ್ಕೋಡಾ ಕಂಪನಿಯ ಫಿರಂಗಿ. 613 ಕಿಲೋದ ಇದನ್ನು ಆರೇಳು ಹೊರೆಯಾಗಿ ಬಿಚ್ಚಬಹುದು: ನಳಿಗೆ, ಅದನ್ನು ಹಿಡಿದಿಡುವ ತೊಟ್ಟಿಲು, ಗಾಲಿ, ಹಿಂದಿನಿಂದ ನೆಲಕ್ಕೆ ಊರುವ ಬಾಲ, ಹೀಗೆ. ಹೊರೆ ಒಂದು ಪಕ್ಕಕ್ಕೆ ವಾಲಿದರೆ ತಡಿ ಉಜ್ಜಿ ಬೆನ್ನು ಹುಣ್ಣಾಗುತ್ತದೆ. ಗಾಲಿ ಹೊತ್ತ ಪ್ರಾಣಿ ಕಣಿವೆಗೆ ಉರುಳಿದರೆ ಉಳಿದೆಲ್ಲ ತುಂಡುಗಳೂ ಬರೀ ಕಬ್ಬಿಣ.

ಮೇಲೆ ಹೋದ ಮೇಲೆ ಭೌತಶಾಸ್ತ್ರದ ಕಾಟ. 3,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಪಾಲು ಮಾತ್ರ, ಆದ್ದರಿಂದ ಗುಂಡು ಗುರಿ ದಾಟಿ ಬೀಳುತ್ತದೆ. ಚಳಿಯಲ್ಲಿ ಮದ್ದು ನಿಧಾನ ಉರಿಯುವುದರಿಂದ ಗುರಿಗಿಂತ ಈಚೆಗೇ ಬೀಳುತ್ತದೆ. ಎರಡೂ ತಪ್ಪು ಒಟ್ಟಿಗೇ ಬರುತ್ತವೆ, ಆದರೆ ಒಂದನ್ನೊಂದು ಸರಿಯಾಗಿ ಹೊಡೆದುಹಾಕುತ್ತವೆ ಎಂದು ನಂಬಿ ಕೂರುವಂತಿಲ್ಲ. ಆಳವಾದ ಹಿಮದಲ್ಲಿ ಗುಂಡು ಹೂತುಕೊಂಡು ಸಿಡಿಯುತ್ತದೆ. ಚೂರುಗಳನ್ನು ಹಿಮವೇ ನುಂಗುತ್ತದೆ. ಬಂಡೆಯ ಮೇಲೆ ಬಿದ್ದರೆ ಕಲ್ಲಿನ ಚಕ್ಕೆಗಳೂ ಗುಂಡಿನ ಚೂರುಗಳ ಹಾಗೆಯೇ ಹಾರುತ್ತವೆ.

1940ರಲ್ಲಿ ಈ ರೆಜಿಮೆಂಟ್ ಗ್ರೀಸ್‌ನ ಪಿಂಡಸ್ ಬೆಟ್ಟಗಳಲ್ಲಿ ಕಾದಿತು. 1942ರಲ್ಲಿ ಆಲ್ಪೈನ್ ದಳಗಳನ್ನು ಕಾಕಸಸ್ ಪರ್ವತಕ್ಕೆಂದು ಹೊರಡಿಸಿ, ಕೊನೆಗೆ ನಿಲ್ಲಿಸಿದ್ದು ರಷ್ಯಾದ ಡಾನ್ ನದಿಯ ಬಯಲಿನಲ್ಲಿ. ಸೋವಿಯತ್ ಸೈನ್ಯದ ಟಿ-34 ಟ್ಯಾಂಕಿನ ಎದುರು ಆರು ಕಿಲೋಗೆ ತುಸು ಮಿಕ್ಕಿದ, ಮೆಲ್ಲಗೆ ಹಾರುವ ಗುಂಡು. ಬೆಟ್ಟಕ್ಕೆಂದು ಮೊಟಕು ಮಾಡಿದ ನಳಿಗೆಯ ಬೆಲೆ ತೆತ್ತದ್ದು ಬಯಲಿನಲ್ಲಿ. 1943ರ ಜನವರಿಯ ಹಿಮ್ಮೆಟ್ಟುವಿಕೆಯಲ್ಲಿ ಡಿವಿಜನ್ ಹೆಚ್ಚುಕಡಿಮೆ ನಾಶವಾಯಿತು.

ಇಟಲಿಯ ಯುದ್ಧಾನಂತರದ 105/14 ಹವಿಟ್ಜರ್ ತೂಗಿದ್ದು 1,290 ಕಿಲೋ, ಬಿಚ್ಚಿದರೆ 12 ತುಂಡು. ಭಾಗಿಸಿ ನೋಡಿ: ಮತ್ತೆ ನೂರರ ಆಸುಪಾಸಿಗೇ ಬರುತ್ತದೆ. ಆದರೆ 15 ಕಿಲೋದ ಗುಂಡು ಸೆಕೆಂಡಿಗೆ 400 ಮೀಟರಿಗೂ ಮಿಕ್ಕಿ ಹೊರಟರೆ, ಸಡಿಲ ನಿಂತ ಇಡೀ ಫಿರಂಗಿ ಸೆಕೆಂಡಿಗೆ 5 ಮೀಟರಿನಷ್ಟು ಹಿಂದಕ್ಕೆ ಚಿಮ್ಮಬೇಕು. ಆ ಒದೆತವನ್ನು ನುಂಗುವುದು ಎಣ್ಣೆ ತುಂಬಿದ ಸಿಲಿಂಡರ್ ಮತ್ತು ನೆಲಕ್ಕೆ ನಾಟಿದ ಬಾಲ. ಹಗುರವಾದಷ್ಟೂ ಸವೆತ ಜಾಸ್ತಿ: ವಿಯೆಟ್ನಾಂನಲ್ಲಿ ಎಡೆಬಿಡದೆ ಹಾರಿಸಿದ ಆಸ್ಟ್ರೇಲಿಯಾದ ಪಡೆ ಇದು ತಾಳದೆಂದು ಭಾರಿ ಅಮೆರಿಕನ್ ಹವಿಟ್ಜರಿಗೆ ಬದಲಾಯಿಸಿಕೊಂಡಿತು.

ಇಟಲಿಯ ಸೈನ್ಯ ಕೊನೆಯ ಹೇಸರಗತ್ತೆಗಳನ್ನು 1993ರಲ್ಲಿ ಬೆಲ್ಲುನೋದಲ್ಲಿ ಹರಾಜು ಹಾಕಿತು. ಅವುಗಳಲ್ಲೊಂದಾದ ಇರೋಸೊ 2019ರವರೆಗೆ, ನಲವತ್ತು ವರ್ಷ, ಬದುಕಿತ್ತು.