ಐದು ಡಿಗ್ರಿ ನೀರಿನಲ್ಲಿ ಮೀನಿನ ಹಸಿವು

ಜನವರಿಯ ಒಂದು ಭಾನುವಾರ, ಬೆಳಗ್ಗೆ ಎಂಟೂವರೆ. ಇಂಗ್ಲೆಂಡಿನ ಮಿಡ್ಲೆಂಡ್ಸ್ ಪ್ರದೇಶದ ಒಂದು ಸಣ್ಣ ಕೆರೆಯ ಪಕ್ಕ ಮೂವತ್ತು ಮಂದಿ ಒಂದು ಬಟ್ಟೆಚೀಲದ ಮುಂದೆ ಸಾಲುಗಟ್ಟಿದ್ದರು. ಒಬ್ಬೊಬ್ಬರಾಗಿ ಕೈಹಾಕಿ ಒಂದೊಂದು ಬಿಲ್ಲೆ ತೆಗೆಯಬೇಕು. ಬಿಲ್ಲೆಯ ಮೇಲಿನ ಸಂಖ್ಯೆಯೇ ಆ ದಿನ ಕೂರುವ ಜಾಗ. ನನ್ನನ್ನು ಕರೆದುಕೊಂಡು ಹೋಗಿದ್ದ ಸಹೋದ್ಯೋಗಿ 17 ಎತ್ತಿದ, ಕೆರೆಯ ಕಡೆ ನೋಡಿದ, ‘ಗಾಳಿಯ ಬಾಯಿಗೇ ಬಿದ್ದೆ’ ಎಂದು ಗೊಣಗಿದ. ಗಾಳ ನೀರಿಗಿಳಿಯಲು ಇನ್ನೂ ಒಂದೂವರೆ ಗಂಟೆ ಇತ್ತು. ಅವನ ಮುಖ ನೋಡಿದರೆ ಪಂದ್ಯ ಆಗಲೇ ಮುಗಿದಂತಿತ್ತು. ಸೋಲಿಗೆ ಮುಂಗಡವಾಗಿ ನೆಪ ಹುಡುಕುತ್ತಿದ್ದಾನೆ ಎಂದುಕೊಂಡೆ. ಆ ಗೊಣಗಾಟದಲ್ಲಿ ಒಂದಿಷ್ಟು ಭೌತಶಾಸ್ತ್ರವೂ ಇದೆ ಎಂದು ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು.

ಈ ಆಟಕ್ಕೆ ಅಲ್ಲಿ ಕೋರ್ಸ್ ಫಿಶಿಂಗ್ ಎನ್ನುತ್ತಾರೆ. ಸಾಲ್ಮನ್, ಟ್ರೌಟ್ ಉಳ್ಳವರ ಮೀನುಗಳಾಗಿದ್ದವು. ಸಿಹಿನೀರಿನ ಉಳಿದ ಮೀನುಗಳಿಗೆಲ್ಲ ಒಟ್ಟಾಗಿ ‘ಕೋರ್ಸ್’, ಅಂದರೆ ಒರಟು, ಎಂಬ ಹೆಸರು ಅಂಟಿಕೊಂಡಿತು. ಗೆಂಡೆ, ರೋಚ್, ಬ್ರೀಮ್, ಪರ್ಚ್ ಎಲ್ಲವೂ ಈ ‘ಒರಟು’ ಸಾಲಿನವು. ಗಿರಣಿ, ಗಣಿ, ಕುಲುಮೆಗಳ ಊರುಗಳಲ್ಲಿ ದುಡಿಯುವವರು ಹತ್ತೊಂಬತ್ತನೆಯ ಶತಮಾನದಲ್ಲೇ ಸಂಘ ಕಟ್ಟಿಕೊಂಡು, ಬಿಡುವಿನ ದಿನ ಪಂದ್ಯ ಕಟ್ಟಿ ಇವುಗಳನ್ನು ಹಿಡಿಯುತ್ತಿದ್ದರು. 1903ರಲ್ಲಿ ರಾಷ್ಟ್ರೀಯ ಒಕ್ಕೂಟವೂ ಹುಟ್ಟಿತು. ಮೀನು ಮೊಟ್ಟೆಯಿಡುವ ಕಾಲದಲ್ಲಿ ಗಾಳ ಹಾಕಬಾರದೆಂಬ ಕಾನೂನು 1878ರದು. ಮಾರ್ಚ್ 15ರಿಂದ ಜೂನ್ 15ರವರೆಗಿನ ಆ ನಿಷೇಧ ನದಿಗಳಿಗೆ ಇಂದಿಗೂ ಇದೆ. ಇಂಗ್ಲೆಂಡಿನ ಹೆಚ್ಚಿನ ಕೆರೆಗಳಿಗೆ 1995ರಲ್ಲಿ ವಿನಾಯಿತಿ ಸಿಕ್ಕಿತು. ಹಿಡಿದ ಮೀನನ್ನು ನೀರಲ್ಲೇ ಇಳಿಬಿಟ್ಟ ಉದ್ದನೆಯ ಬಲೆಚೀಲದಲ್ಲಿ ಜೀವಂತ ಇಟ್ಟು, ಕೊನೆಯಲ್ಲಿ ತೂಗಿ, ಮತ್ತೆ ಕೆರೆಗೇ ಬಿಡುತ್ತಾರೆ. ‘ಹಾಗಾದರೆ ಸಾರು ಮಾಡುವವರು ಯಾರು?’ ಎಂದು ಕೇಳಿದ ನನ್ನನ್ನು ಸಹೋದ್ಯೋಗಿ ನೋಡಿದ ರೀತಿಯನ್ನು ಇಲ್ಲಿ ವರ್ಣಿಸುವುದಿಲ್ಲ.

ಅವನು ಮೊದಲು ಮಾಡಿದ ಕೆಲಸ ದಾರಕ್ಕೆ ಉಷ್ಣಮಾಪಕ ಕಟ್ಟಿ ನೀರಿಗೆ ಇಳಿಬಿಟ್ಟದ್ದು. ಐದು ಡಿಗ್ರಿ ಸೆಲ್ಸಿಯಸ್. ಹತ್ತು ಗಂಟೆಗೆ ಸೀಟಿ ಊದಿದರು. ಹದಿಮೂರು ಮೀಟರ್ ಉದ್ದದ ಕಾರ್ಬನ್ ನಾರಿನ ಗಳ. ರಾಟೆಯಿಲ್ಲ, ಏನಿಲ್ಲ, ನಮ್ಮ ಕೆರೆಗಳ ಬಿದಿರು ಗಳದ ಶ್ರೀಮಂತ ತಮ್ಮ. ಅದರ ತುದಿಗೆ ಅಂಟಿಸಿದ ಪುಟ್ಟ ಬಟ್ಟಲಿಗೆ ನೊಣದ ಮರಿಹುಳುಗಳನ್ನು ಎಣಿಸಿ ಹಾಕಿದ: ಆರು. ಗಳವನ್ನು ಚಾಚಿ, ಗಾಳ ಇಳಿಸುವ ಜಾಗದ ಮೇಲೆಯೇ ಬಟ್ಟಲನ್ನು ಮಗುಚಿದ. ಅಂಗಡಿಯಲ್ಲಿ ಈ ಹುಳುಗಳನ್ನು ಪಿಂಟ್ ಲೆಕ್ಕದಲ್ಲಿ ಕೊಳ್ಳುತ್ತಾರೆ, ನಾವು ಕಡಲೆಕಾಯಿಯನ್ನು ಸೇರಿನಲ್ಲಿ ಅಳೆಸಿಕೊಂಡಂತೆ. ಡಬ್ಬಿಯ ತುಂಬ ಹುಳು ಇಟ್ಟುಕೊಂಡು ಈ ಮನುಷ್ಯ ಆರೇ ಆರು ಹಾಕುತ್ತಾನಲ್ಲ ಎಂದು ನನಗೆ ಸೋಜಿಗ.

ಜಿಪುಣತನವಲ್ಲ ಅದು, ಲೆಕ್ಕ. ಮೀನಿನ ಮೈಗೆ ತನ್ನದೇ ಒಲೆಯಿಲ್ಲ. ನೀರು ಎಷ್ಟು ಬಿಸಿಯೋ ಮೈಯೂ ಅಷ್ಟೇ ಬಿಸಿ. ದೇಹದೊಳಗಿನ ರಾಸಾಯನಿಕ ಕ್ರಿಯೆಗಳ ವೇಗ ಹತ್ತು ಡಿಗ್ರಿ ಇಳಿದರೆ ಸಾಮಾನ್ಯವಾಗಿ ಅರ್ಧಕ್ಕೋ ಮೂರನೆಯ ಒಂದು ಭಾಗಕ್ಕೋ ಇಳಿಯುತ್ತದೆ. ಇಪ್ಪತ್ತು ಡಿಗ್ರಿಯ ಬೇಸಿಗೆಯ ನೀರಿನಿಂದ ಐದು ಡಿಗ್ರಿಗೆ ಬಂದ ಮೀನು ಮೂರರಿಂದ ಐದು ಪಟ್ಟು ನಿಧಾನವಾಗಿ ಬದುಕುತ್ತಿರುತ್ತದೆ ಎಂದು ಇಟ್ಟುಕೊಳ್ಳಿ. ಗೆಂಡೆ, ರೋಚ್, ಬ್ರೀಮ್‌ಗಳ ಕುಟುಂಬಕ್ಕೆ ನಿಜವಾದ ಜಠರವೇ ಇಲ್ಲ. ಗಂಟಲಿನ ಹಲ್ಲುಗಳಲ್ಲಿ ಅರೆದದ್ದು ನೇರ ಕರುಳಿಗೆ ಇಳಿಯುತ್ತದೆ. ತಿಂದು ಕೂಡಿಟ್ಟುಕೊಳ್ಳಲು ಉಗ್ರಾಣವಿಲ್ಲ. ಬೇಸಿಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಖಾಲಿಯಾಗುವ ಕರುಳು ಚಳಿಯಲ್ಲಿ ದಿನಗಟ್ಟಲೆ ತುಂಬಿಯೇ ಇರುತ್ತದೆ. ಇಂಥ ಮೀನಿಗೆ ಆರು ಹುಳು ಎಂದರೆ ಊಟ. ಅರವತ್ತು ಹಾಕಿದರೆ ಐದು ಗಂಟೆಯ ಪಂದ್ಯ ಪೂರ್ತಿ ಮುಗಿದರೂ ಗಾಳದ ಹುಳುವಿನ ಸರದಿ ಬರುವುದಿಲ್ಲ. ಹಾಕಿದ್ದನ್ನು ವಾಪಸು ಎತ್ತಿಕೊಳ್ಳಲು ಬರುವುದಿಲ್ಲವಲ್ಲ.

ಗಾಳ ಹಾಕುವವರಲ್ಲಿ ಇನ್ನೊಂದು ನಂಬಿಕೆಯಿದೆ: ಚಳಿ ಒಂದೇ ಸಮನೆ ಇದ್ದರೆ ಮೀನು ತಿನ್ನುತ್ತದೆ, ರಾತ್ರೋರಾತ್ರಿ ಇಳಿದರೆ ಬಾಯಿ ಮುಚ್ಚುತ್ತದೆ. ಇದನ್ನು ನಾನು ನಂಬುತ್ತೇನೆ, ಏಕೆಂದರೆ ಕಾರಣ ನಮ್ಮ ಬಚ್ಚಲುಮನೆಯಲ್ಲೇ ಇದೆ. ಡಿಸೆಂಬರಿನ ಬೆಳಗ್ಗೆ ತೆಂಗಿನೆಣ್ಣೆಯ ಬಾಟಲಿ ಹರಳುಗಟ್ಟಿರುತ್ತದೆ, ಪಕ್ಕದ ಅಡುಗೆಮನೆಯಲ್ಲಿ ಕಡಲೆಕಾಯಿ ಎಣ್ಣೆ ಮಾತ್ರ ಹರಿಯುತ್ತಲೇ ಇರುತ್ತದೆ. ಒಂದರಲ್ಲಿರುವುದು ಹೆಚ್ಚಾಗಿ ಪರ್ಯಾಪ್ತ ಕೊಬ್ಬು, ಇನ್ನೊಂದರಲ್ಲಿ ಅಪರ್ಯಾಪ್ತ. ಮೀನಿನ ಪ್ರತಿ ಜೀವಕೋಶದ ಪೊರೆಯೂ ಕೊಬ್ಬಿನದೇ. ನೀರು ತಣ್ಣಗಾದಂತೆ ಪೊರೆ ಬಿರುಸಾಗುತ್ತದೆ. ಗೆಂಡೆಯ ದೇಹ ಆಗ ಒಂದು ಕಿಣ್ವವನ್ನು ಹೆಚ್ಚು ಹೆಚ್ಚು ತಯಾರಿಸಿ, ಪೊರೆಯ ಕೊಬ್ಬನ್ನು ಅಪರ್ಯಾಪ್ತವಾಗಿಸಿ, ಮತ್ತೆ ಮೆತ್ತಗೆ ಮಾಡಿಕೊಳ್ಳುತ್ತದೆ. ಸ್ನಾಯುವಿನ ಪ್ರೋಟೀನುಗಳನ್ನು ಸಹ ಚಳಿಗೆ ಹೊಂದುವ ಬಗೆಗೆ ಬದಲಿಸಿಕೊಳ್ಳುತ್ತದೆ. ಈ ರಿಪೇರಿಗೆ ದಿನಗಳು, ಕೆಲವೊಮ್ಮೆ ವಾರಗಳು ಹಿಡಿಯುತ್ತವೆ. ಅಷ್ಟರಲ್ಲಿ ಮತ್ತೊಂದು ಶೀತಗಾಳಿ ಬಂತೆಂದರೆ ಕೆಲಸ ಮತ್ತೆ ಮೊದಲಿನಿಂದ.

ಇನ್ನು ಆ 17ನೆಯ ಜಾಗದ ಗಾಳಿಯ ವಿಚಾರ. ‘ನೀರು ನಾಲ್ಕು ಡಿಗ್ರಿಯಲ್ಲಿ ಅತಿ ಭಾರ, ಆದ್ದರಿಂದ ಚಳಿಗಾಲದಲ್ಲಿ ತಳದ ನೀರು ಬೆಚ್ಚಗಿರುತ್ತದೆ, ಮೀನು ಅಲ್ಲಿ ಹಾಯಾಗಿರುತ್ತದೆ’ ಎಂದು ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಪಾಠ ತಪ್ಪಲ್ಲ, ಆದರೆ ಅದು ಮೇಲೆ ಮಂಜುಗಡ್ಡೆಯ ಮುಚ್ಚಳ ಬಿದ್ದ ಕೆರೆಗೆ ಚೆನ್ನಾಗಿ ಹೊಂದುತ್ತದೆ. ಮುಚ್ಚಳವಿಲ್ಲದ, ಆಳ ಆರಡಿ ದಾಟದ ಕೆರೆಯಲ್ಲಿ ಲೆಕ್ಕ ಹಾಕಿ ನೋಡಿ. ನಾಲ್ಕು ಡಿಗ್ರಿಯ ಒಂದು ಘನಮೀಟರ್ ನೀರು ಸೊನ್ನೆ ಡಿಗ್ರಿಯ ಅಷ್ಟೇ ನೀರಿಗಿಂತ ಹೆಚ್ಚು ತೂಗುವುದು ಕೇವಲ 130 ಗ್ರಾಂ. ಬೇಸಿಗೆಯಲ್ಲಿ 20 ಮತ್ತು 24 ಡಿಗ್ರಿಯ ನೀರಿನ ನಡುವೆ, ಅದೇ ನಾಲ್ಕು ಡಿಗ್ರಿಯ ಅಂತರಕ್ಕೆ, ಸುಮಾರು 900 ಗ್ರಾಂ ವ್ಯತ್ಯಾಸ. ಅಂದರೆ ಬೇಸಿಗೆಯಲ್ಲಿ ಬಿಸಿನೀರು ತಣ್ಣೀರಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ಚಳಿಗಾಲದ ಪದರಗಳು ಒಂದು ಗಾಳಿಗೆ ಕಲಸಿಹೋಗುತ್ತವೆ. ಹೀಗೆ ಕಲಸಿದ ಕೆರೆಯಲ್ಲಿ ತಳವೂ ಒಂದೇ, ಮೇಲೂ ಒಂದೇ, ಅಡಗಲು ಬೆಚ್ಚನೆಯ ಮೂಲೆಯಿಲ್ಲ. ಮೇಲಿಂದ ತಣ್ಣನೆಯ ಗಾಳಿ ಬೀಸುತ್ತ ನೀರಿನ ಶಾಖವನ್ನು ಕಿತ್ತುಕೊಳ್ಳುತ್ತಲೇ ಇರುತ್ತದೆ. ಹಾಗಾಗಿ ಅನುಭವಿಗಳು ಚಳಿಗಾಲದಲ್ಲಿ ಗಾಳಿಗೆ ಬೆನ್ನು ಕೊಟ್ಟ, ನೀರು ಕದಡದ ದಂಡೆಯನ್ನು ಬಯಸುತ್ತಾರೆ. ಮೂಡಣ ಗಾಳಿ ಬೀಸಿದರೆ ಮೀನು ಕಚ್ಚುವುದಿಲ್ಲ ಎಂಬ ಹಳೆಯ ಗಾದೆಯೂ ಅಲ್ಲಿದೆ. ಯುರೋಪಿನ ನೆಲದ ಮೇಲಿಂದ ಬರುವ ಚಳಿಗಾಲದ ಮೂಡಣ ಗಾಳಿ ಒಣ, ಕೊರೆಯುವ ಗಾಳಿ.

ಜಾಗದ ಅದೃಷ್ಟಕ್ಕೆ ಇನ್ನೊಂದು ಕಾರಣ ಭಯ. ಚಳಿಯಲ್ಲಿ ಪಾಚಿ ಕಡಿಮೆಯಾಗಿ ನೀರು ತಿಳಿಯಾಗುತ್ತದೆ, ಆಕಾಶದಲ್ಲಿ ನೀರುಕಾಗೆಗಳು, ನೀರಿನಲ್ಲಿ ಪೈಕ್ ಎಂಬ ಬೇಟೆಗಾರ ಮೀನು. ಬೇಸಿಗೆಯಲ್ಲಿ ಕೆರೆಯ ತುಂಬ ಹರಡಿಕೊಂಡಿದ್ದ ಮೀನುಗಳು ಒಂದೆರಡು ಕಡೆ ಗುಂಪುಗೂಡುತ್ತವೆ. ಸ್ವೀಡನ್ನಿನ ಕ್ರಾಂಕೆಷಾನ್ ಸರೋವರದ ರೋಚ್‌ಗಳಲ್ಲಿ ಹಲವು ಚಳಿಗಾಲಕ್ಕೆ ಸರೋವರವನ್ನೇ ಬಿಟ್ಟು ಸಣ್ಣ ತೊರೆಗಳಿಗೆ ವಲಸೆ ಹೋಗುವುದನ್ನು ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು ಗುರುತು ಹಚ್ಚಿದ ಮೀನುಗಳಿಂದ ಕಂಡುಕೊಂಡಿದ್ದಾರೆ. ತೊರೆಯಲ್ಲಿ ಆಹಾರ ಕಡಿಮೆ, ಪೈಕ್ ಕೂಡ ಕಡಿಮೆ; ಹೇಗೂ ಹಸಿವಿಲ್ಲದ ಕಾಲದಲ್ಲಿ ಅದು ಒಳ್ಳೆಯ ವ್ಯಾಪಾರ. ಇಂಗ್ಲೆಂಡಿನ ನಾರ್ಫೋಕ್ ಬ್ರಾಡ್ಸ್ ಎಂಬ ಆಳವಿಲ್ಲದ ಕೆರೆಗಳ ಪ್ರದೇಶದಲ್ಲಿ ಇದೇ ರೋಚ್‌ಗಳು ಚಳಿಗಾಲದಲ್ಲಿ ದೋಣಿ ಕಟ್ಟೆಗಳ ನೆರಳಿಗೆ ಬಂದು ಕಿಕ್ಕಿರಿಯುತ್ತವೆ. ನಮ್ಮ ಪಂದ್ಯದ ಕೆರೆಗೆ ತೊರೆಯೂ ಇರಲಿಲ್ಲ, ದೋಣಿಗಳೂ ಇರಲಿಲ್ಲ. ಮೀನು ಎಲ್ಲೋ ಒಂದು ಕಡೆ ಒತ್ತೊತ್ತಾಗಿ ನಿಂತಿರಬೇಕು. ಆ ಎದುರಿಗೆ ಬಿಲ್ಲೆ ಎತ್ತಿದವನು ರಾಜ. ಉಳಿದವರು ದಿನವಿಡೀ ಖಾಲಿ ನೀರಿಗೆ ಹುಳು ತೋರಿಸುತ್ತಾರೆ.

ಸಹೋದ್ಯೋಗಿಯ ನೀರು ಪೂರ್ತಿ ಖಾಲಿಯಿರಲಿಲ್ಲ. ಹನ್ನೊಂದರ ಸುಮಾರಿಗೆ ಅವನು ಬೆಂಡಿನ ಮೇಲೆ ಕಣ್ಣು ನೆಟ್ಟು ‘ಈಗ ನೋಡು’ ಎಂದ. ನನಗೇನೂ ಕಾಣಲಿಲ್ಲ. ಬೆಂಡಿನ ನೆತ್ತಿಯಲ್ಲಿ ಒಂದು ಮಿಲಿಮೀಟರ್ ದಪ್ಪದ ಕೆಂಪು ಕಡ್ಡಿ. ಅದರಲ್ಲಿ ಒಂದು ಚುಕ್ಕೆಯಷ್ಟು ಮಾತ್ರ ನೀರಿನ ಮೇಲೆ. ಇಷ್ಟು ನಯವಾಗಿ ಬೆಂಡನ್ನು ಮುಳುಗಿಸಲು ಸಾಸಿವೆಗಿಂತ ಸಣ್ಣ ಗುಂಡುಗಳನ್ನು ದಾರಕ್ಕೆ ಕಚ್ಚಿಸುತ್ತಾರೆ. (ಹಿಂದೆ ದೊಡ್ಡ ಗುಂಡುಗಳೂ ಸೀಸದವೇ ಆಗಿದ್ದವು, ದಂಡೆಯಲ್ಲಿ ಬಿದ್ದವನ್ನು ಹಂಸಗಳು ನುಂಗಿ ಸಾಯುತ್ತಿದ್ದುದರಿಂದ 0.06 ಗ್ರಾಂನಿಂದ 28 ಗ್ರಾಂವರೆಗಿನ ಸೀಸದ ತೂಕಗಳನ್ನು 1987ರಲ್ಲಿ ನಿಷೇಧಿಸಿದರು.) ಆ ಕಡ್ಡಿಯ ಒಂದು ಮಿಲಿಮೀಟರ್ ಉದ್ದವನ್ನು ನೀರೊಳಗೆ ಎಳೆಯಲು ಆರ್ಕಿಮಿಡೀಸನ ಲೆಕ್ಕದಲ್ಲಿ 0.8 ಮಿಲಿಗ್ರಾಂ ಭಾರ ಸಾಕು. ಆದರೆ ಕಡ್ಡಿಯ ಸುತ್ತ ನೀರಿನ ಮೇಲ್ಮೈ ಹಿಡಿದುಕೊಂಡಿರುತ್ತದೆಯಲ್ಲ, ಆ ಮೇಲ್ಮೈ ಎಳೆತ ಗರಿಷ್ಠ 24 ಮಿಲಿಗ್ರಾಂವರೆಗೆ ತಡೆಯಬಲ್ಲದು, ಹೆಚ್ಚುಕಡಿಮೆ ಒಂದು ಅಕ್ಕಿಕಾಳಿನ ತೂಕ. ತೇಲಿಸುವ ಬಲಕ್ಕಿಂತ ಅಂಟಿಸುವ ಬಲ ಮೂವತ್ತು ಪಟ್ಟು! ಸಹೋದ್ಯೋಗಿ ಕಡ್ಡಿಯ ತುದಿಗೆ ಜಿಡ್ಡು ಸವರುತ್ತಿದ್ದುದರ ಗುಟ್ಟು ಇದೇ. ಜಿಡ್ಡಿಗೆ ನೀರು ಅಂಟದು, ಮೇಲ್ಮೈ ಬಾಗಿ ಚುಕ್ಕೆಯನ್ನು ಎತ್ತಿ ಹಿಡಿಯುತ್ತದೆ. ತಣ್ಣನೆಯ ಮೀನು ಹುಳುವನ್ನು ಎಳೆದೋಡುವುದಿಲ್ಲ, ನಿಂತಲ್ಲೇ ಮೆಲ್ಲನೆ ಬಾಯಿಗೆ ಹೀರುತ್ತದೆ. ಆ ಚುಕ್ಕೆ ಮಾಯವಾಗುವುದೊಂದೇ ಸುಳಿವು. ಅವನು ಗಳವನ್ನು ಒಂದು ಗೇಣು ಎತ್ತಿದ. ಗಳದೊಳಗಿನ ರಬ್ಬರ್ ಎಳೆ ಹೊರಗೆ ಜಗ್ಗಿತು.

ಬಂದದ್ದು ಎಫ್1 ಎಂದು ಕರೆಯುವ ಮಿಶ್ರತಳಿ, ಮುಕ್ಕಾಲು ಕಿಲೋ ಇದ್ದೀತು. ಸಾಮಾನ್ಯ ಗೆಂಡೆಯನ್ನು ಕ್ರೂಷಿಯನ್ ಅಥವಾ ಗೋಲ್ಡ್‌ಫಿಶ್ ಕುಲದೊಂದಿಗೆ ಬೆರೆಸಿದ ತಳಿ ಇದು. ಗೆಂಡೆ ಚಳಿಗೆ ಮಂಕಾಗಿ ಮಲಗಿದ ಮೇಲೂ ಇದು ತಿನ್ನುತ್ತದೆ ಎಂಬ ಒಂದೇ ಕಾರಣಕ್ಕೆ ಪಂದ್ಯದ ಕೆರೆಗಳ ಮಾಲೀಕರು ಇದನ್ನು ತುಂಬಿಸುತ್ತಾರೆ. ಕ್ರೂಷಿಯನ್ ವಂಶದ ಚಳಿಯ ಕಥೆ ನನಗೆ ಪಂದ್ಯಕ್ಕಿಂತ ಹೆಚ್ಚು ಇಷ್ಟ. ಉತ್ತರ ಯುರೋಪಿನ ಕೊಳಗಳಲ್ಲಿ ಹಿಮದ ಹೊದಿಕೆಯ ಕೆಳಗೆ ಆಮ್ಲಜನಕ ಪೂರ್ತಿ ತೀರಿಹೋದರೂ ಈ ಮೀನು ತಿಂಗಳುಗಟ್ಟಲೆ ಬದುಕುತ್ತದೆ. ಆಮ್ಲಜನಕವಿಲ್ಲದೆ ಸಕ್ಕರೆ ಉರಿಸಿದರೆ ನಮ್ಮ ಸ್ನಾಯುಗಳಂತೆಯೇ ಇಲ್ಲೂ ಲ್ಯಾಕ್ಟಿಕ್ ಆಮ್ಲ ಸೇರುತ್ತದೆ, ಸೇರುತ್ತ ಹೋದರೆ ಸಾವು. ಕ್ರೂಷಿಯನ್ ಅದನ್ನು ಆಲ್ಕೊಹಾಲ್ ಮಾಡಿ ಕಿವಿರುಗಳ ಮೂಲಕ ಹೊರಹಾಕುತ್ತದೆ. ಹಿಂದೆಂದೋ ಜೀನ್‌ಗಳು ನಕಲಾದಾಗ ಉಳಿದ ಹೆಚ್ಚುವರಿ ಪ್ರತಿಯೇ ಈ ಭಟ್ಟಿಯ ಕಿಣ್ವವಾಯಿತು ಎಂದು ಓಸ್ಲೊ ಮತ್ತು ಲಿವರ್‌ಪೂಲ್‌ನ ವಿಜ್ಞಾನಿಗಳು 2017ರಲ್ಲಿ ತೋರಿಸಿದರು. ಆಗ ಅದರ ರಕ್ತದಲ್ಲಿ ಆಲ್ಕೊಹಾಲ್ ಪ್ರಮಾಣ 100 ಮಿಲಿಲೀಟರಿಗೆ 50 ಮಿಲಿಗ್ರಾಂ ದಾಟಬಹುದು. ವಾಹನ ಓಡಿಸಲು ಭಾರತದ ಕಾನೂನಿನ ಮಿತಿ 30! ಗಾಳಿಯಾಡುವ ಪಂದ್ಯದ ಕೆರೆಯಲ್ಲಿ ಆಮ್ಲಜನಕಕ್ಕೆ ಬರವಿಲ್ಲ, ಭಟ್ಟಿ ಹೊತ್ತಿಸುವ ಪ್ರಮೇಯವೂ ಇಲ್ಲ.

ಒಂದು ಗಂಟೆಯ ಹೊತ್ತಿಗೆ ಅವನ ಬೆರಳುಗಳು ಹುಳುವನ್ನು ಗಾಳಕ್ಕೆ ಏರಿಸಲು ನಿರಾಕರಿಸಿದವು. ಚರ್ಮದ ಉಷ್ಣತೆ ಹದಿನೈದು ಡಿಗ್ರಿಗಿಂತ ಕೆಳಗಿಳಿದರೆ ನಮ್ಮ ಬೆರಳಿಗೂ ಸೂಕ್ಷ್ಮ ಕೆಲಸ ಒಲಿಯದು. ಡಬ್ಬಿಯಲ್ಲಿದ್ದ ಹುಳುಗಳೂ ಅಲುಗಾಡುವುದನ್ನು ನಿಲ್ಲಿಸಿ ಅಕ್ಕಿಯಂತೆ ಬಿದ್ದಿದ್ದವು. ಒಂದು ಹಿಡಿಯಷ್ಟನ್ನು ಅವನು ಅಂಗಿಯ ಒಳಜೇಬಿನ ಸಣ್ಣ ಡಬ್ಬಿಯಲ್ಲಿ ಇಟ್ಟುಕೊಂಡ. ನಾನು ಸ್ವಲ್ಪ ದೂರ ಸರಿದು ಕೂತೆ.

ಮೂರಕ್ಕೆ ಸೀಟಿ. ತಕ್ಕಡಿ ಬಂತು. ಗೆದ್ದದ್ದು ಎದುರು ದಂಡೆಯಲ್ಲಿ, ಏರಿಯ ಮರೆಯಲ್ಲಿ ಕೂತಿದ್ದ ಒಬ್ಬ ನಿವೃತ್ತ ಬಸ್ ಚಾಲಕ. ನಮ್ಮ 17ರದು ಮೂರು ಮೀನು, ಎರಡು ಕಿಲೋಗೆ ತುಸು ಕಡಿಮೆ. ಅದರ ಎರಡೂ ಪಕ್ಕದವರ ಬಲೆ ಒಣಗಿಯೇ ಇತ್ತು. ತಂದ ಹುಳುವಿನಲ್ಲಿ ಹತ್ತನೆಯ ಒಂದು ಭಾಗವೂ ಖರ್ಚಾಗಿರಲಿಲ್ಲ. ಉಳಿದದ್ದನ್ನು ಕಾರಿನ ಹಿಂದಿನ ಸೀಟಿನ ಮೇಲಿಟ್ಟು ಹೀಟರ್ ಹಾಕಿದೆವು. ಹೆದ್ದಾರಿ ಸೇರುವ ಮುಂಚೆಯೇ ಡಬ್ಬಿಯೊಳಗಿಂದ ಸರಸರ ಸದ್ದು ಶುರುವಾಯಿತು.