ಕಟ್ ಆಫ್‌ನ ಆಚೆ ಒಬ್ಬ, ಈಚೆ ಒಬ್ಬ

ಆಪ್ಷನ್ ಎಂಟ್ರಿ ಅಂದರೆ ಏನು ಅಂತ ಸಿಇಟಿ ಬರೆದ ಮಕ್ಕಳಿರುವ ಮನೆಯವರಿಗೆ ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುವುದಾದರೆ, ಬೇಕಾದ ಕಾಲೇಜು, ಬ್ರಾಂಚುಗಳನ್ನು ಒಂದರ ಕೆಳಗೊಂದು ಕ್ರಮವಾಗಿ ತುಂಬುವುದು. 2025ರ ಮಳೆಗಾಲದಲ್ಲಿ ನಮ್ಮ ಅಕ್ಕನ ಮನೆಯಲ್ಲೂ ಅದೇ ನಡೆದಿತ್ತು. ಊಟದ ಟೇಬಲ್ ಮೇಲೆ ಒಂದು ಲ್ಯಾಪ್‌ಟಾಪ್, ಸುತ್ತ ಆರು ಜನ, ನಡುವೆ ಸೀಟು ಬೇಕಾದ ಹುಡುಗ. ಹಿಂದಿನ ವರ್ಷದ ಕಟ್ ಆಫ್ ಪಟ್ಟಿಯ ಪ್ರಿಂಟ್‌ಔಟ್ ತುಂಬಾ ಅಕ್ಕ ಹಳದಿ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದಿದ್ದಳು. ಅದರ ಮೇಲೆ ಕಾಫಿ ಲೋಟ ಇಟ್ಟು ಇಟ್ಟು ಒಂದು ಕಾಲೇಜಿನ ಕೋಡ್ ಪೂರ್ತಿ ಅಳಿಸಿಹೋಗಿತ್ತು.

ಭಾವನ ಜೇಬಿನಲ್ಲಿ ಒಂದು ಚೀಟಿ. ಜ್ಯೋತಿಷಿ ಬರೆದುಕೊಟ್ಟಿದ್ದು. ಬುಧ ಬಲವಾಗಿದ್ದಾನೆ, ಕಂಪ್ಯೂಟರ್ ಸೈನ್ಸ್ ಹಾಕಿಸಿ. ಶನಿ ಸರಿಯಿಲ್ಲ, ಮೆಕ್ಯಾನಿಕಲ್ ಬೇಡ. ಶನಿಗೂ ಕಬ್ಬಿಣಕ್ಕೂ ಹಳೇ ನಂಟು, ಅದು ಗೊತ್ತು. ಬುಧ ಯಾವಾಗ ಕೋಡಿಂಗ್ ಕಲಿತನೋ ಕಾಣೆ. ನಾವು ಚಿಕ್ಕವರಿದ್ದಾಗ ಅವನು ಬ್ಯಾಂಕ್ ಕೆಲಸ ಕೊಡಿಸುತ್ತಿದ್ದ.

ಆದರೆ ನನಗೆ ಆ ಚೀಟಿಗಿಂತ ಜಾಸ್ತಿ ಕಿರಿಕಿರಿ ಮಾಡಿದ್ದು ಪಕ್ಕದ ಮನೆಯವರ ಫೋನಿನಲ್ಲಿದ್ದ ವಾಟ್ಸಾಪ್ ಮೆಸೇಜು. ಅಮೆರಿಕದಲ್ಲಿ ಕಂಪ್ಯೂಟರ್ ಓದಿದವರಿಗಿಂತ ಕಲಾ ಇತಿಹಾಸ ಓದಿದವರಿಗೇ ಕೆಲಸ ಸಿಗುತ್ತಿದೆಯಂತೆ, ನೋಡಿ ಕಾಲ ಹೇಗಾಯ್ತು ಅಂತ. ಚೀಟಿಯನ್ನು ಅರ್ಧ ಜನ ನಂಬುವುದಿಲ್ಲ. ಅಂಕಿ ಇರುವ ಮೆಸೇಜನ್ನು ಎಲ್ಲರೂ ನಂಬುತ್ತಾರೆ.

ಅಂಕಿಗಳೇನೋ ಸುಳ್ಳಲ್ಲ. ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕ್ ಆಗತಾನೇ ಡಿಗ್ರಿ ಮುಗಿಸಿದವರ ಪಟ್ಟಿಯೊಂದನ್ನು ಪ್ರಕಟಿಸುತ್ತದೆ. ಆ ವರ್ಷದ ಪಟ್ಟಿಯಲ್ಲಿ ಕಂಪ್ಯೂಟರ್ ಸೈನ್ಸ್‌ನವರ ನಿರುದ್ಯೋಗ 6.1 ಶೇಕಡ, ಕಲಾ ಇತಿಹಾಸದವರದ್ದು ಅದರ ಅರ್ಧ. ಮೆಸೇಜು ಇಷ್ಟಕ್ಕೇ ನಿಲ್ಲುತ್ತದೆ. ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ಕಾಲಂ ಇದೆ. ಕೆಲಸ ಇದೆ, ಆದರೆ ಆ ಕೆಲಸಕ್ಕೆ ಡಿಗ್ರಿಯೇ ಬೇಕಿರಲಿಲ್ಲ ಅನ್ನುವವರ ಲೆಕ್ಕ ಅದು. ಅಲ್ಲಿ ಕಂಪ್ಯೂಟರ್‌ನವರು ಸುಮಾರು 16 ಶೇಕಡ. ಕಲಾ ಇತಿಹಾಸದವರು ಹತ್ತಿರ ಹತ್ತಿರ ಅರ್ಧದಷ್ಟು ಜನ! ಕಾಫಿ ಅಂಗಡಿಯಲ್ಲಿ ಲೋಟ ತೊಳೆಯುವವನು ಉದ್ಯೋಗಿ. ಒಳ್ಳೆ ಕೆಲಸಕ್ಕೆ ಕಾಯುತ್ತಾ ಮನೆಯಲ್ಲಿ ಕೂತವನು ನಿರುದ್ಯೋಗಿ.

ನಮ್ಮಲ್ಲೂ ಇದೇ ಕಥೆ. 2017ರಲ್ಲಿ ಶುರುವಾದ ಪಿಎಲ್‌ಎಫ್‌ಎಸ್ ಅನ್ನುವ ಸರ್ಕಾರಿ ಸಮೀಕ್ಷೆಯಲ್ಲಿ ಓದು ಬಾರದವರ ನಿರುದ್ಯೋಗ ಹೆಚ್ಚುಕಮ್ಮಿ ಸೊನ್ನೆಯ ಹತ್ತಿರ, ಪದವೀಧರರದ್ದು ಅದಕ್ಕಿಂತ ಎಷ್ಟೋ ಮೇಲೆ. ಹಾಗಂತ ಮಕ್ಕಳನ್ನು ಶಾಲೆ ಬಿಡಿಸುತ್ತೀರಾ? ಇವತ್ತು ಕೂಲಿಗೆ ಹೋಗದಿದ್ದರೆ ಸಂಜೆ ಒಲೆ ಹೊತ್ತಲ್ಲ ಅನ್ನುವವನಿಗೆ ನಿರುದ್ಯೋಗಿಯಾಗಿ ಕೂರುವ ಅನುಕೂಲವೇ ಇಲ್ಲ. ವಾರದ ಲೆಕ್ಕದಲ್ಲಿ ಏಳು ದಿನಕ್ಕೆ ಒಂದೇ ಒಂದು ಗಂಟೆ ದುಡಿದರೂ ಅವನು ಉದ್ಯೋಗಿಯೇ.

ಸರಿ, ಸಂಬಳವನ್ನೇ ನೋಡೋಣ ಅಂತೀರಿ. ಕಂಪ್ಯೂಟರ್ ಓದಿದವರ ಸರಾಸರಿ ಸಂಬಳ ಜಾಸ್ತಿ, ಸಿವಿಲ್‌ನವರದ್ದು ಕಡಿಮೆ, ಲೆಕ್ಕ ಮುಗೀತಲ್ವಾ? ಮುಗೀಲಿಲ್ಲ. ನಾನು ಇಷ್ಟೊತ್ತು ಹೇಳಬೇಕು ಅಂತ ಒದ್ದಾಡುತ್ತಿದ್ದದ್ದೂ ಇದನ್ನೇ. ನಮ್ಮ ಸಿಇಟಿಯಲ್ಲಿ ಮೊದಲ ರ‍್ಯಾಂಕುಗಳವರೇ ಬಂದು ಕಂಪ್ಯೂಟರ್ ಸೈನ್ಸ್ ತುಂಬಿಬಿಡುತ್ತಾರೆ. ಅವರು ಸಿವಿಲ್ ಓದಿದ್ದರೂ ಚೆನ್ನಾಗಿಯೇ ದುಡಿಯುತ್ತಿದ್ದರೇನೋ. ನೀರಿರುವ ಕೆಂಪು ಮಣ್ಣಿಗೆ ಹೊಸ ತಳಿ ಹಾಕಿ, ಕಲ್ಲು ನೆಲಕ್ಕೆ ಹಳೇ ತಳಿ ಹಾಕಿ, ಸುಗ್ಗಿಯಲ್ಲಿ ನೋಡಿ ಹೊಸ ತಳಿಯೇ ಮೇಲು ಅಂದ ಹಾಗಾಯಿತು ಇದು. ಇಳುವರಿ ತಳಿಯದ್ದೋ, ಮಣ್ಣಿನದ್ದೋ?

ನಮಗೆ ನಿಜವಾಗಿ ಬೇಕಾದ ಪ್ರಶ್ನೆಯೇ ಬೇರೆ. ಅದೇ ಹುಡುಗ, ಅದೇ ಮನೆ, ಅದೇ ಬುದ್ಧಿ. ಒಂದು ಸಲ ಕಂಪ್ಯೂಟರ್ ಓದಿಸಿ, ಕಾಲವನ್ನು ಹಿಂದಕ್ಕೆ ತಿರುಗಿಸಿ ಇನ್ನೊಂದು ಸಲ ಸಿವಿಲ್ ಓದಿಸಿದರೆ ಎಷ್ಟು ವ್ಯತ್ಯಾಸ? ಕಾಲ ಹಿಂದಕ್ಕೆ ತಿರುಗಲ್ಲ. ಆದರೆ ಇದಕ್ಕೊಂದು ಉಪಾಯ ಇದೆ, ಅದನ್ನು ಮೊದಲು ಓದಿದ ರಾತ್ರಿ ನನಗೆ ಖುಷಿಗೆ ನಿದ್ದೆ ಬಂದಿರಲಿಲ್ಲ.

ಹೊಲದ ಬದು ನೋಡಿದ್ದೀರಲ್ಲ. ಬದುವಿನಿಂದ ಒಂದು ಮೈಲಿ ಆಚೆ ಮಣ್ಣು ಬೇರೆ ಇರಬಹುದು. ಬದುವಿಗೆ ಅಂಟಿಕೊಂಡ ಒಂದು ಗೇಣು ಆಚೆ, ಒಂದು ಗೇಣು ಈಚೆ ನೋಡಿದರೆ ಮಣ್ಣು ಒಂದೇ, ಮಳೆ ಒಂದೇ, ಬಿಸಿಲು ಒಂದೇ. ಆಚೆಯವರು ರಾಗಿ ಹಾಕಿದ್ದಾರೆ, ಈಚೆಯವರು ಅವರೆ ಹಾಕಿದ್ದಾರೆ. ಅಲ್ಲಿ ಕಾಣುವ ವ್ಯತ್ಯಾಸ ಬೆಳೆಯದ್ದೇ. ಇನ್ನೂ ಬೇಕಾದರೆ ರೈಲ್ವೆ ಗೇಟ್ ನೆನೆಸಿಕೊಳ್ಳಿ. ಗೇಟ್ ಬೀಳುವ ಮುಂಚೆ ನುಗ್ಗಿದ ಕೊನೆಯ ಸ್ಕೂಟರ್, ಗೇಟಿಗೆ ಮೂತಿ ತಾಗಿಸಿ ನಿಂತ ಮೊದಲ ಸ್ಕೂಟರ್. ಇಬ್ಬರೂ ಒಂದೇ ಥರದವರು, ಒಬ್ಬ ಹತ್ತು ನಿಮಿಷ ತಡವಾಗಿ ಮನೆ ಸೇರುತ್ತಾನೆ, ಅಷ್ಟೇ.

ಸಿಇಟಿಯ ಕಟ್ ಆಫ್ ಅಂಥ ಒಂದು ಬದು. ಇಂಜಿನಿಯರಿಂಗ್‌ಗೆ 180 ಪ್ರಶ್ನೆ, ಒಂದಕ್ಕೆ ಒಂದು ಅಂಕ, ತಪ್ಪಿಗೆ ಅಂಕ ಕಡಿತ ಇಲ್ಲ. ಹಾಗಾಗಿ ಉತ್ತರ ಗೊತ್ತಿಲ್ಲದಿದ್ದರೂ ಎಲ್ಲರೂ ಓಎಂಆರ್ ಹಾಳೆಯಲ್ಲಿ ಯಾವುದೋ ಒಂದು ವೃತ್ತ ತುಂಬಿ ಬರುತ್ತಾರೆ. ಕೊನೆಯ ಎರಡು ನಿಮಿಷದಲ್ಲಿ ಒಬ್ಬ ಸುಮ್ನೆ ‘ಸಿ’ ತುಂಬಿದ, ಪಕ್ಕದವ ‘ಬಿ’ ತುಂಬಿದ. ಉತ್ತರ ಸಿ ಆಗಿತ್ತು. ರ‍್ಯಾಂಕ್ ಪಟ್ಟಿಯಲ್ಲಿ ಇಬ್ಬರ ನಡುವೆ ಸಾಲು ಸಾಲು ಹೆಸರು ಬಂದು ಕೂತವು. ಒಬ್ಬನಿಗೆ ಸೀಟು ಸಿಕ್ಕಿತು, ಇನ್ನೊಬ್ಬನಿಗೆ ಕೂದಲೆಳೆಯಲ್ಲಿ ತಪ್ಪಿತು. ಈ ಇಬ್ಬರಲ್ಲಿ ಯಾರು ಜಾಣ ಅಂತ ಹೇಳಬಲ್ಲಿರಾ? ಇಂಥ ಸಾವಿರಾರು ಜೋಡಿಗಳನ್ನು ಹತ್ತು ವರ್ಷ ಆದಮೇಲೆ ಹುಡುಕಿ ಸಂಬಳ ಕೇಳಿದರೆ, ಆಗ ಸಿಗುವುದು ಬ್ರಾಂಚಿನ ಬೆಲೆ.

ಗೆರೆಯ ಎರಡೂ ಬದಿ ನೋಡುವ ಈ ಉಪಾಯ 1960ರಷ್ಟು ಹಳೆಯದು. ಥಿಸಲ್‌ತ್‌ವೇಟ್ ಮತ್ತು ಕ್ಯಾಂಬೆಲ್ ಅನ್ನುವ ಇಬ್ಬರು ಅಮೆರಿಕನ್ ಮನಶ್ಶಾಸ್ತ್ರಜ್ಞರು ಸ್ಕಾಲರ್‌ಶಿಪ್ ಪರೀಕ್ಷೆಯ ಅಂಕಗಳ ಮೇಲೆ ಇದನ್ನು ಮೊದಲು ಪ್ರಯೋಗಿಸಿದರು. ಆಮೇಲೆ ಹತ್ತಾರು ವರ್ಷ ಇದು ಮೂಲೆಯಲ್ಲೇ ಬಿದ್ದಿತ್ತು. ಅರ್ಥಶಾಸ್ತ್ರದವರು ಎತ್ತಿಕೊಂಡು ಧೂಳು ಕೊಡವಿದ್ದು ಎಷ್ಟೋ ತಡವಾಗಿ. ಇಷ್ಟು ಸರಳವಾದದ್ದು ಯಾರಿಗೂ ಬೇಡವಾಗಿದ್ದು ಹೇಗೆ ಅಂತ ನನಗೆ ಇವತ್ತಿಗೂ ಆಶ್ಚರ್ಯ.

ಓದುವ ವಿಷಯಕ್ಕೆ ಇದನ್ನು ದೊಡ್ಡದಾಗಿ ಹೊಂದಿಸಿದ್ದು ನಾರ್ವೆಯಲ್ಲಿ. ಅಲ್ಲೂ ನಮ್ಮ ಹಾಗೇ ಕೇಂದ್ರೀಕೃತ ಸೀಟು ಹಂಚಿಕೆ. ವಿದ್ಯಾರ್ಥಿ 15 ಆಯ್ಕೆಗಳವರೆಗೆ ಕ್ರಮವಾಗಿ ಬರೆದು ಕೊಡಬೇಕು, ಅಂಕದ ಮೇಲೆ ಸೀಟು. ಕಿರ್ಕೆಬೊಯೆನ್, ಲ್ಯೂವೆನ್, ಮೋಗ್‌ಸ್ಟಡ್ ಅನ್ನುವ ಮೂವರು 1998ರಿಂದ 2004ರವರೆಗೆ ಅರ್ಜಿ ಹಾಕಿದವರನ್ನು ತೆಗೆದುಕೊಂಡು, ಎಂಟು ವರ್ಷದ ನಂತರ ಅವರ ಆದಾಯ ಎಷ್ಟು ಅಂತ ಸರ್ಕಾರಿ ದಾಖಲೆಗಳಲ್ಲಿ ನೋಡಿದರು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಗೆರೆಯ ಆಚೀಚೆ ಇದ್ದವರಲ್ಲೂ ಓದಿದ ವಿಷಯದಿಂದ ಆಗುವ ವ್ಯತ್ಯಾಸ ದೊಡ್ಡದೇ ಇತ್ತು. ಭಾಷೆ, ಸಾಹಿತ್ಯದಂಥ ಮಾನವಿಕ ವಿಷಯದ ಬದಲು ವಿಜ್ಞಾನ ಓದಿದವರ ಆದಾಯ ಕೆಲಸದ ಮೊದಲ ವರ್ಷಗಳಲ್ಲಿ ಹತ್ತಿರ ಹತ್ತಿರ ಮೂರು ಪಟ್ಟು. ಅಂದರೆ ಎಲ್ಲವೂ ಮಣ್ಣಿನ ಮಹಿಮೆಯಲ್ಲ, ತಳಿಯದ್ದೂ ಇದೆ. ದೊಡ್ಡ ಹೆಸರಿನ ಕಾಲೇಜಿನಿಂದ ಆದ ಲಾಭ ಮಾತ್ರ ಇದರ ಮುಂದೆ ಚಿಕ್ಕದು. ‘ಕಾಲೇಜಾ, ಬ್ರಾಂಚಾ’ ಅಂತ ಅಕ್ಕನ ಮನೆಯಲ್ಲಿ ಮೂರು ದಿನ ನಡೆದ ಜಗಳಕ್ಕೆ ನಾರ್ವೆಯವರ ಉತ್ತರ ಬ್ರಾಂಚು. ನಮ್ಮಲ್ಲಿ ಅದನ್ನೇ ಕಣ್ಣು ಮುಚ್ಚಿ ಒಪ್ಪಬೇಡಿ. ಕ್ಯಾಂಪಸ್ಸಿಗೆ ಕಂಪನಿಗಳೇ ಕಾಲಿಡದ ಕಾಲೇಜುಗಳು ನಮ್ಮಲ್ಲಿ ಎಷ್ಟು ಬೇಕು?

ಆ ಅಧ್ಯಯನದಲ್ಲಿ ನನಗೆ ತುಂಬಾ ಇಷ್ಟವಾದದ್ದು ಎರಡನೇ ಆಯ್ಕೆಯ ವಿಚಾರ. ‘ಕಂಪ್ಯೂಟರ್ ಸೈನ್ಸ್‌ನಿಂದ ಎಷ್ಟು ಲಾಭ’ ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ. ಯಾವುದನ್ನು ಬಿಟ್ಟು ಕಂಪ್ಯೂಟರ್ ಸೈನ್ಸ್ ಅಂತ ಕೇಳಬೇಕು. ಬೆಂಗಳೂರಿನಿಂದ ಮೈಸೂರಿಗೆ ರೈಲು ಬೇಗ ಹೋಗುತ್ತಾ ಅಂದರೆ, ಬಸ್ಸಿಗಿಂತಲೋ ಕಾರಿಗಿಂತಲೋ ಅಂತ ಕೇಳಲ್ವಾ, ಹಾಗೆ. ಇನ್ನೊಂದು ವಿಚಿತ್ರ ನೋಡಿ. ಜನ ಸಾಮಾನ್ಯವಾಗಿ ತಮಗೆ ಹೆಚ್ಚು ಗಿಟ್ಟುವ ವಿಷಯವನ್ನೇ ಮೇಲಿಟ್ಟಿದ್ದರು. ಒಂದು ವಿಷಯವನ್ನು ಮೊದಲಿಟ್ಟು ಇನ್ನೊಂದನ್ನು ಎರಡನೆಯದಾಗಿ ಬರೆದವರಿಗೆ ಮೊದಲನೆಯದರಿಂದ ಲಾಭ. ಅದೇ ಎರಡನ್ನು ತಿರುಗಾ ಮುರುಗಾ ಬರೆದವರಿಗೆ ಆ ಇನ್ನೊಂದರಿಂದ ಲಾಭ. ಹುಡುಗರಿಗೆ ತಮ್ಮ ಮಣ್ಣು ಯಾವುದು ಅಂತ ಸ್ವಲ್ಪ ಗೊತ್ತಿರುತ್ತದೆ. ಜ್ಯೋತಿಷಿಗೆ ಗೊತ್ತಿರುವುದಕ್ಕಿಂತ ಜಾಸ್ತಿಯೇ.

ಅಮೆರಿಕದ್ದೂ ಒಂದು ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಕ್ಯಾಂಪಸ್ಸಿನಲ್ಲಿ ಅರ್ಥಶಾಸ್ತ್ರ ಓದಬೇಕಾದರೆ ಮೊದಲ ಎರಡು ಕೋರ್ಸುಗಳಲ್ಲಿ ನಾಲ್ಕಕ್ಕೆ 2.8 ಗ್ರೇಡ್ ಬೇಕಿತ್ತು. ಬ್ಲೀಮರ್ ಮತ್ತು ಮೆಹ್ತಾ ಆ ಗೆರೆಯ ಆಚೀಚೆ ನೋಡಿದರು. ಸ್ವಲ್ಪದರಲ್ಲಿ ಪಾಸಾಗಿ ಅರ್ಥಶಾಸ್ತ್ರ ಓದಿದವರ ವರ್ಷದ ಸಂಬಳ 22,000 ಡಾಲರ್ ಜಾಸ್ತಿ, ಅಂದರೆ 46 ಶೇಕಡ. ಗೆರೆಯ ಹತ್ತಿರ ಇದ್ದವರು ಕ್ಲಾಸಿನ ಮುಂದಿನ ಬೆಂಚಿನವರೇನಲ್ಲ ಅನ್ನುವುದು ನೆನಪಿರಲಿ.

ಹಾಗಾದರೆ ಅಕ್ಕ ಹೇಳಿದ್ದೇ ಸರಿ, ಕಂಪ್ಯೂಟರ್ ಹಾಕಿಸಿ ಕೈ ತೊಳೆದುಕೊಳ್ಳಿ ಅಂತೀರಾ? ತಡೀರಿ. ಇವೆಲ್ಲ ಇಪ್ಪತ್ತು ಮೂವತ್ತರ ವಯಸ್ಸಿನ ಲೆಕ್ಕ. ಡೆಮಿಂಗ್ ಮತ್ತು ನೋರೇ ಅನ್ನುವ ಅರ್ಥಶಾಸ್ತ್ರಜ್ಞರು 2020ರಲ್ಲಿ ತೋರಿಸಿದ ಹಾಗೆ, ಅಮೆರಿಕದಲ್ಲಿ ಕಂಪ್ಯೂಟರ್, ಇಂಜಿನಿಯರಿಂಗ್ ಓದಿದವರಿಗೆ ಬೇರೆಯವರಿಗಿಂತ ಸಿಗುವ ಹೆಚ್ಚುವರಿ ಸಂಬಳ ಕೆಲಸಕ್ಕೆ ಸೇರಿದಾಗಲೇ ಅತಿ ಹೆಚ್ಚು. ಹತ್ತು ವರ್ಷದೊಳಗೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕರಗಿಹೋಗುತ್ತದೆ. ಅವರ ಸಂಬಳ ಇಳಿಯುತ್ತದೆ ಅಂತಲ್ಲ, ಉಳಿದವರು ಹತ್ತಿರ ಬರುತ್ತಾರೆ. ಕಾರಣ ಸರಳ. ಆ ಕೆಲಸಗಳಲ್ಲಿ ಬೇಕಾದ ಕೌಶಲ ಬೇಗ ಬೇಗ ಬದಲಾಗುತ್ತದೆ. ನೀವು ಕಾಲೇಜಿನಲ್ಲಿ ಕಲಿತದ್ದು ಹಳತಾದ ಹೊತ್ತಿಗೆ ಹೊಸದನ್ನು ಕಲಿತ ಹೊಸ ಬ್ಯಾಚು ಗೇಟಿನಲ್ಲಿ ನಿಂತಿರುತ್ತದೆ.

ಬ್ರಾಂಚುಗಳ ಅದೃಷ್ಟವೂ ನಿಂತಲ್ಲಿ ನಿಲ್ಲಲ್ಲ. ಬೆಂಗಳೂರಿಗೆ 1940ರಲ್ಲಿ ಎಚ್‌ಎಎಲ್ ಬಂತು, 1948ರಲ್ಲಿ ಟೆಲಿಫೋನ್ ಮಾಡುವ ಐಟಿಐ ಕಾರ್ಖಾನೆ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಆಗ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಓದಿದ ಹುಡುಗ ಅಂದರೆ ಹೆಣ್ಣು ಕೊಡಲು ಸಾಲು ನಿಲ್ಲುತ್ತಿದ್ದರು. ಆಗಿನ ಶನಿ ತುಂಬಾ ಒಳ್ಳೆಯವನಿದ್ದ.

ಈ ಏರಿಳಿತದ ಹಿಂದೆ ಒಂದು ಹಂದಿ ಕಥೆ ಇದೆ. 1928ರಲ್ಲಿ ಜರ್ಮನಿಯ ಆರ್ಥರ್ ಹಾನೌ ಹಂದಿಯ ಬೆಲೆ ಅಲೆಯ ಹಾಗೆ ಏರಿಳಿಯುವುದನ್ನು ಗಮನಿಸಿದ. ಬೆಲೆ ಏರಿದಾಗ ಎಲ್ಲರೂ ಮರಿ ಸಾಕುತ್ತಾರೆ, ಮರಿ ಬೆಳೆದು ಸಂತೆಗೆ ಬರುವ ಹೊತ್ತಿಗೆ ಬೆಲೆ ಬಿದ್ದಿರುತ್ತದೆ. ಆಗ ಎಲ್ಲರೂ ಬಿಡುತ್ತಾರೆ, ಮತ್ತೆ ಬೆಲೆ ಏರುತ್ತದೆ. ಕೋಲಾರದ ಟೊಮೆಟೊ ಬೆಳೆಗಾರರಿಗೆ ಇದನ್ನು ಜರ್ಮನ್ನರು ಹೇಳಿಕೊಡಬೇಕಿಲ್ಲ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಎರಡು ತಿಂಗಳು ಕಳೆಯುವುದರೊಳಗೆ ಬೆಲೆ ನೆಲ ಕಚ್ಚಿತು. 1970ರ ದಶಕದಲ್ಲಿ ಅರ್ಥಶಾಸ್ತ್ರಜ್ಞ ರಿಚರ್ಡ್ ಫ್ರೀಮನ್ ಅಮೆರಿಕದ ಇಂಜಿನಿಯರುಗಳೂ ಹೀಗೇ ಬೆಳೆಯುತ್ತಾರೆ, ಹೀಗೇ ಬೀಳುತ್ತಾರೆ ಅಂತ ಲೆಕ್ಕ ಹಾಕಿ ತೋರಿಸಿದ. ಟೊಮೆಟೊಗೆ ಕೆಲವು ತಿಂಗಳು, ಇಂಜಿನಿಯರಿಗೆ ನಾಲ್ಕು ವರ್ಷ. ಅಕ್ಕ ಹಳದಿ ಗೆರೆ ಎಳೆದ ಪಟ್ಟಿ ಹೋದ ವರ್ಷದ ಸಂತೆಯ ಬೆಲೆ. ಹುಡುಗ ಸಂತೆಗೆ ಹೋಗುವುದು 2029ರಲ್ಲಿ.

ಇದನ್ನೆಲ್ಲ ಆ ಟೇಬಲ್ ಹತ್ತಿರ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ರಾತ್ರಿ ಎಲ್ಲರೂ ಎದ್ದ ಮೇಲೆ ಹುಡುಗನನ್ನು ಕೇಳಿದೆ, ‘ನಿನ್ನ ಎರಡನೇದು ಏನೋ?’

‘ಸಿವಿಲ್, ಮಾವ. ಅಮ್ಮಂಗೆ ಹೇಳ್ಬೇಡಿ.’

ಅವನ ಫೋನಿನ ತುಂಬಾ ಕಟ್ಟುತ್ತಿರುವ ಮೆಟ್ರೋ ಕಂಬಗಳ ಫೋಟೋ. ಎರಡು ಕಂಬದ ನಡುವೆ ಕಾಂಕ್ರೀಟ್ ತುಂಡುಗಳನ್ನು ಒಂದೊಂದಾಗಿ ಎತ್ತಿ ಪೋಣಿಸುವ ಹಳದಿ ಯಂತ್ರದ ಒಂದು ವಿಡಿಯೋ, ಹನ್ನೊಂದು ನಿಮಿಷದ್ದು. ಪೂರ್ತಿ ನೋಡಿಸಿದ.

ಪಟ್ಟಿಯಲ್ಲಿ ಮೊದಲ 14 ಆಯ್ಕೆ ಕಂಪ್ಯೂಟರ್ ಸೈನ್ಸ್ ಮತ್ತು ಅದರ ದಾಯಾದಿಗಳು: ಎಐ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ. ಹದಿನೈದನೆಯದು ಹಳೇ ಕಾಲೇಜೊಂದರ ಸಿವಿಲ್, ಅವನೇ ತುರುಕಿದ್ದು. ಮಾಕ್ ಅಲಾಟ್‌ಮೆಂಟ್, ಅಂದರೆ ಅಸಲಿಗೆ ಮುಂಚಿನ ಅಣಕು ಸೀಟು ಹಂಚಿಕೆ, ಬಂದಾಗ 14ನೆಯದು 40 ರ‍್ಯಾಂಕಿನಲ್ಲಿ ತಪ್ಪಿ ಸಿವಿಲ್ ಸಿಕ್ಕಿತು. ಅಕ್ಕ ಮಾತು ಬಿಟ್ಟಳು. ಭಾವ ಹಜಾರಕ್ಕೆ ಹೋಗಿ ಜ್ಯೋತಿಷಿಗೆ ಫೋನ್ ಮಾಡಿದರು. ಹತ್ತು ನಿಮಿಷಕ್ಕೆ ನಗುತ್ತಾ ಒಳಗೆ ಬಂದರು. ಕುಜ ಬಹಳ ಚೆನ್ನಾಗಿದ್ದಾನಂತೆ, ಭೂಮಿ ಸಂಬಂಧದ ಕೆಲಸ ಹುಡುಗನ ಕೈ ಹಿಡಿಯುತ್ತದಂತೆ.