ದನ ಮಾರಿದ ಮೇಲೆ

ಉಡುಪಿ ಹತ್ತಿರದ ಶಿರ್ವದ ಕಡೆ ನನ್ನ ದೊಡ್ಡಮ್ಮ ಇದ್ದಾರೆ. ವಯಸ್ಸು 78. ಮೂರು ವರ್ಷದ ಹಿಂದಿನವರೆಗೂ ಎರಡು ದನ ಸಾಕಿದ್ದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಡೈರಿಗೆ ಹಾಲು ಹಾಕಿ ಬರಬೇಕು. ಹೋಗಲು ಹತ್ತು ನಿಮಿಷ, ಬರಲು ಮುಕ್ಕಾಲು ಗಂಟೆ. ಬರುವ ದಾರಿಯಲ್ಲಿ ಅಷ್ಟು ಮಾತು ಇರುತ್ತಿತ್ತು. ಆಮೇಲೆ ಮಕ್ಕಳು ಸೇರಿ ದನ ಮಾರಿಸಿದರು. "ಸಾಕಮ್ಮ, ಇನ್ನು ಆರಾಮವಾಗಿ ಕೂತ್ಕೊಳ್ಳಿ" ಅಂದರು. ಮಗ ದುಬೈಯಲ್ಲಿ, ಮಗಳು ಬೆಂಗಳೂರಿನಲ್ಲಿ. ದೊಡ್ಡ ಟಿವಿ ತಂದಿಟ್ಟರು. ಜಗಲಿಗೆ ಕ್ಯಾಮೆರಾ ಹಾಕಿಸಿದರು. ಎಲ್ಲ ಪ್ರೀತಿಯಿಂದಲೇ ಮಾಡಿದ್ದು.

ಒಂದೂವರೆ ವರ್ಷ ಕಳೆಯುವಷ್ಟರಲ್ಲಿ ದೊಡ್ಡಮ್ಮ ಗೋಡೆ ಹಿಡಿದು ನಡೆಯುವ ಹಾಗಾಯಿತು. ಮಾತು ಕಡಿಮೆಯಾಯಿತು. ಪಕ್ಕದ ಮನೆಯ ಮದುವೆಗೂ ಹೋಗಲಿಲ್ಲ. ಕೇಳಿದರೆ ಒಂದೇ ಉತ್ತರ: "ಉದಾಸೀನ ಆಗ್ತದೆ ಮಾರಾಯ." ನೆಂಟರೊಬ್ಬರು ಬಲಿಮೆ, ಅಂದರೆ ಜ್ಯೋತಿಷ್ಯದ ಪ್ರಶ್ನೆ ಇಡಿಸಿದರು. ಮನೆಗೆ ದೃಷ್ಟಿ ತಾಗಿದೆ ಅಂತ ಬಂತು. ಅದಕ್ಕೆ ಪರಿಹಾರ, ಅದಕ್ಕೊಂದು ಖರ್ಚು. ಖರ್ಚು ಹೋಗಲಿ. ಆ ಎರಡು ತಿಂಗಳೂ ದೊಡ್ಡಮ್ಮನ ತೊಡೆಯ ಮಾಂಸ ಕರಗುತ್ತಲೇ ಇತ್ತು. ಒಬ್ಬರೂ ಅವರ ಕಾಲು ನೋಡಲಿಲ್ಲ. ನನಗೆ ಇವತ್ತಿಗೂ ಸಂಕಟ ಆಗುವುದು ಅದಕ್ಕೆ.

ಪುಸ್ತಕದ ಕನ್ನಡದಲ್ಲಿ ಉದಾಸೀನ ಅಂದರೆ ಲಕ್ಷ್ಯ ಇಲ್ಲದಿರುವುದು. ನಮ್ಮ ಕರಾವಳಿಯಲ್ಲಿ ಆ ಮಾತಿಗೆ ಬೇರೆಯೇ ಅರ್ಥ. ಮೈ ಏಳುವುದಿಲ್ಲ, ಮನಸ್ಸೂ ಏಳುವುದಿಲ್ಲ, ಎರಡೂ ಒಟ್ಟಿಗೆ. ವಿಜ್ಞಾನಿಗಳು ಈ ಎರಡನ್ನು ಬೇರೆ ಬೇರೆ ಕೋಣೆಯಲ್ಲಿಟ್ಟು ಬಹಳ ವರ್ಷ ಅಳೆದರು. ಆ ಕಥೆ ಶುರುವಾಗುವುದು ಬಸ್ಸಿನಲ್ಲಿ.

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಸಿಟಿ ಬಸ್ ಹತ್ತಿದವರಿಗೆ ಕಂಡಕ್ಟರ್ ಕೆಲಸ ಎಂಥದ್ದೆಂದು ಗೊತ್ತು. ಸ್ಟಾಪ್ ಸ್ಟಾಪಿಗೆ ಇಳಿಯಬೇಕು, ಊರಿನ ಹೆಸರು ಕೂಗಬೇಕು, "ರೈಟ್ ಪೋಯಿ" ಅಂದು ಹೊರಟ ಬಸ್ಸಿಗೆ ಹಾರಬೇಕು. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನ ಕಂಡಕ್ಟರಿಗೂ ಕೂರಲು ಪುರುಸೊತ್ತು ಇರಲಿಲ್ಲ. ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತಬೇಕಿತ್ತು. ಡ್ರೈವರ್ ಮಾತ್ರ ಪಾಳಿಯ ಹೆಚ್ಚಿನ ಹೊತ್ತು ಕೂತೇ ಇರುತ್ತಿದ್ದ. ಜೆರ್ರಿ ಮಾರಿಸ್ ಎಂಬ ವೈದ್ಯರು ಸಾವಿರಾರು ಬಸ್ ನೌಕರರ ಲೆಕ್ಕ ಹಾಕಿ 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು: ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ. ದಪ್ಪ ಇದ್ದವರೇ ಡ್ರೈವರ್ ಕೆಲಸಕ್ಕೆ ಸೇರಿರಬಹುದಲ್ವಾ ಎಂಬ ಸಂಶಯ ಅವರಿಗೂ ಬಂತು. ಆಗ ಸಮವಸ್ತ್ರದ ಪ್ಯಾಂಟುಗಳ ಸೊಂಟದ ಅಳತೆಯನ್ನೇ ತರಿಸಿ ನೋಡಿದರು. ಡ್ರೈವರ್‌ಗಳ ಸೊಂಟ ಮೊದಲಿನಿಂದಲೇ ಜಾಸ್ತಿ ಇತ್ತು! ಆದರೆ ಅವರ ಹತ್ತಿರ ಇನ್ನೊಂದು ಲೆಕ್ಕವೂ ಇತ್ತು. ನಡೆದು ಕಾಗದ ಹಂಚುವ ಅಂಚೆಯವರನ್ನು ಕುರ್ಚಿಯಲ್ಲಿ ಕೂರುವ ಗುಮಾಸ್ತರ ಜೊತೆ ಹೋಲಿಸಿದ್ದರು. ಅಲ್ಲಿಯೂ ನಡೆಯುವವರ ಹೃದಯವೇ ಗಟ್ಟಿ. ಮಾರಿಸ್ ತಾವೂ 99 ವರ್ಷ ಬದುಕಿದರು.

ಇದನ್ನು ಓದುವಾಗ ನನಗೆ ಒಂದು ಯೋಚನೆ ಬರುತ್ತದೆ. ಆ ಕಾಲದ ಡಬಲ್ ಡೆಕ್ಕರ್‌ನಲ್ಲಿ ಡ್ರೈವರ್ ಪುಟ್ಟ ಕ್ಯಾಬಿನ್ನಿನಲ್ಲಿ ಒಬ್ಬನೇ. ಕಂಡಕ್ಟರ್ ದಿನವಿಡೀ ಜನರ ಮಧ್ಯೆ. ಅಂಚೆಯವನೂ ಮನೆ ಮನೆ ಬಾಗಿಲಿಗೆ ಹೋಗುವವನು. ಶ್ರೇಯಸ್ಸು ಪೂರ್ತಿ ಕಾಲಿಗೆ ಹೋಯಿತು. ನಾಲಿಗೆಗೂ ಸ್ವಲ್ಪ ಪಾಲು ಇರಬಹುದೇ?

ಇದು ನನ್ನ ಊಹೆ ಮಾತ್ರ. ಆದರೆ ಸಂಬಂಧಗಳಿಗೆ ಬೇರೆಯೇ ಆದ ತೂಕ ಇದೆ ಎಂಬುದು ಊಹೆಯಲ್ಲ. ಕ್ಯಾಲಿಫೋರ್ನಿಯಾದ ಅಲಮೀಡ ಕೌಂಟಿಯ ಸುಮಾರು 7,000 ಜನರನ್ನು ಒಂಬತ್ತು ವರ್ಷ ಗಮನಿಸಿ ಲಿಸಾ ಬರ್ಕ್‌ಮನ್ ಮತ್ತು ಲೆನಾರ್ಡ್ ಸೈಮ್ 1979ರಲ್ಲಿ ಫಲಿತಾಂಶ ಕೊಟ್ಟರು. ಗೆಳೆಯರು, ನೆಂಟರು, ಸಂಘ ಯಾವುದೂ ಇಲ್ಲದವರು ಎಲ್ಲ ಇದ್ದವರಿಗಿಂತ ಎರಡು ಪಟ್ಟಿಗೂ ಜಾಸ್ತಿ ಸತ್ತಿದ್ದರು. ಸಿಗರೇಟು, ಕುಡಿತ, ವ್ಯಾಯಾಮದ ಲೆಕ್ಕ ತೆಗೆದರೂ ವ್ಯತ್ಯಾಸ ಹೋಗಲಿಲ್ಲ. 2015ರಲ್ಲಿ ಜೂಲಿಯನ್ ಹೋಲ್ಟ್-ಲನ್‌ಸ್ಟಾಡ್ ತಂಡ 70 ಅಧ್ಯಯನಗಳನ್ನು ಒಟ್ಟು ಹಾಕಿತು. ಜನಸಂಪರ್ಕ ಇಲ್ಲದವರಿಗೆ ಬೇಗ ಸಾಯುವ ಸಾಧ್ಯತೆ ಶೇಕಡ 29 ಜಾಸ್ತಿ. ಒಂಟಿತನ ಅನಿಸುವವರಿಗೆ ಶೇಕಡ 26. ಇವೆರಡೂ ಒಂದೇ ಅಲ್ಲ. ಸಂಪರ್ಕವನ್ನು ಹೊರಗಿನವರು ಎಣಿಸಬಹುದು. ಒಂಟಿತನವನ್ನು ಅವರವರೇ ಹೇಳಬೇಕು.

ಈಗ ನನಗೆ ತುಂಬಾ ಇಷ್ಟವಾದ ವಿಚಾರಕ್ಕೆ ಬರುತ್ತೇನೆ. ಶಿಕಾಗೋ ವಿಶ್ವವಿದ್ಯಾಲಯದ ಜಾನ್ ಕ್ಯಾಸಿಯೊಪ್ಪೊ ಒಂಟಿತನವನ್ನು ಹಸಿವಿಗೆ ಹೋಲಿಸಿದರು. ಹಸಿವು "ಅನ್ನ ಬೇಕು" ಅನ್ನುತ್ತದೆ. ಬಾಯಾರಿಕೆ "ನೀರು ಬೇಕು" ಅನ್ನುತ್ತದೆ. ಒಂಟಿತನ "ಜನ ಬೇಕು" ಅನ್ನುತ್ತದೆ. ಅದು ರೋಗವೂ ಅಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ. ದೇಹ ಬಾರಿಸುವ ಎಚ್ಚರಿಕೆಯ ಗಂಟೆ.

ಹಾಗಾದರೆ ಹಸಿದವನು ಅಡುಗೆಮನೆಗೆ ಹೋಗುತ್ತಾನೆ, ಒಂಟಿಯಾದವರು ಯಾಕೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ? ಗುಡ್ಡೆಯಲ್ಲಿ ಹಿಂಡು ತಪ್ಪಿದ ಕರುವನ್ನು ನೆನಪಿಸಿಕೊಳ್ಳಿ. ಅದಕ್ಕೆ ಹಿಂಡು ಬೇಕು. ಆದರೆ ತರಗೆಲೆ ಸರಪರ ಅಂದರೂ ಬೆಚ್ಚುತ್ತದೆ. ಹುಡುಕಿಕೊಂಡು ಬಂದ ಯಜಮಾನನನ್ನು ಕಂಡೂ ಓಡುತ್ತದೆ. ಒಂಟಿತನದ ಆ ಗಂಟೆಯೂ ಒಟ್ಟಿಗೆ ಎರಡು ಆಜ್ಞೆ ಕೊಡುತ್ತದೆ: ಜನರನ್ನು ಸೇರು, ಯಾರನ್ನೂ ನಂಬಬೇಡ. ಮನೆಯವರು ಊರಿಗೆ ಹೋದಾಗ ನಾಯಿ ಪೋಸ್ಟ್‌ಮ್ಯಾನ್‌ಗೂ ಬೊಗಳುತ್ತದೆ, ತೆಂಗಿನ ಮಡಲು ಬಿದ್ದರೂ ಬೊಗಳುತ್ತದೆ. ಒಂಟಿತನ ತುಂಬಾ ದಿನ ಉಳಿದರೆ ಈ ಎರಡನೇ ಆಜ್ಞೆಯೇ ಜೋರಾಗುತ್ತದೆ. ಮಗಳು ಒಂದು ದಿನ ಫೋನ್ ಮಾಡದಿದ್ದರೆ "ಅವಳಿಗೆ ನಾನು ಬೇಡ" ಅನಿಸುತ್ತದೆ. ಅಂಗಡಿಯವನು ನಕ್ಕರೆ ನನ್ನನ್ನು ನೋಡಿಯೇ ನಕ್ಕ ಅನಿಸುತ್ತದೆ.

ಕಾವಲು ನಾಯಿಗೆ ರಾತ್ರಿಯೂ ನಿದ್ದೆ ಇಲ್ಲ ಅಲ್ವಾ? ಅಮೆರಿಕದ ದಕ್ಷಿಣ ಡಕೋಟದಲ್ಲಿ ಹಟರೈಟ್ ಎಂಬ ಕ್ರೈಸ್ತ ಪಂಗಡದವರಿದ್ದಾರೆ. ಊಟ, ಹೊಲ, ದುಡಿಮೆ ಎಲ್ಲವೂ ಒಟ್ಟಿಗೆ. ಅವರಲ್ಲಿ 95 ಜನರ ನಿದ್ದೆಯನ್ನು ಕೈಗೆ ಕಟ್ಟುವ ಸಾಧನದಿಂದ ಅಳೆದರು. ಜಾಸ್ತಿ ಒಂಟಿತನ ಹೇಳಿದವರ ನಿದ್ದೆ ಜಾಸ್ತಿ ತುಂಡುತುಂಡು. ಸದಾ ಜನ ಇರುವ ಊರಿನಲ್ಲೇ ಹೀಗೆ! ರಾತ್ರಿ ನಿದ್ದೆ ಹೀಗಾದರೆ ಬೆಳಿಗ್ಗೆ ಏಳುವಾಗಲೇ ಸುಸ್ತು. ಸುಸ್ತಾದವರು ಹೊರಗೆ ಹೊರಡುವುದಿಲ್ಲ. ಹೊರಡದಿದ್ದರೆ ಜನ ಸಿಗುವುದಿಲ್ಲ. ನಮ್ಮ ಉದಾಸೀನ ಇದೇ.

ಇನ್ನು ಕಾಲು. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. ಕಾಲುಗಳಿಂದ ಹೆಚ್ಚುಕಡಿಮೆ ಒಂದು ಕಿಲೋ ಮಾಂಸ ಹೋಗಿತ್ತು. ಬರೀ ಹತ್ತು ದಿನದಲ್ಲಿ! ಮನೆಯಲ್ಲಿ ಕೂತಿರುವುದು ಅಷ್ಟು ಕೆಟ್ಟದ್ದಲ್ಲ, ಕರಗುವುದು ನಿಧಾನ. ಆದರೆ ಒಂದು ದಿನ ಬಸ್ಸಿನ ಮೊದಲ ಮೆಟ್ಟಿಲು ಹತ್ತಲು ಆಗುವುದಿಲ್ಲ. ನಮ್ಮ ಬಸ್ಸುಗಳ ಮೆಟ್ಟಿಲು ಎತ್ತರ, ಕಂಡಕ್ಟರಿಗೆ ಗಡಿಬಿಡಿ. ಅಲ್ಲಿಗೆ ಉಡುಪಿ, ಕಾಪು, ತಂಗಿಯ ಮನೆ ಎಲ್ಲವೂ ದೂರವಾಗಿಬಿಡುತ್ತವೆ.

"ವಯಸ್ಸಾಯ್ತು, ಇನ್ನೇನು ಶಕ್ತಿ ಬರ್ತದೆ" ಅನ್ನುವವರನ್ನು ಕಂಡರೆ ನನಗೆ ತಾಳ್ಮೆ ತಪ್ಪುತ್ತದೆ. 1990ರಲ್ಲಿ ಮರಿಯಾ ಫಿಯಾಟರೋನ್ ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರದಲ್ಲಿ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಅವರ ವಯಸ್ಸು 86ರಿಂದ 96. ಕೊನೆಯವರೆಗೆ ಉಳಿದವರ ಕಾಲಿನ ಬಲ ಸರಾಸರಿ ಶೇಕಡ 174 ಏರಿತು. ಇಬ್ಬರು ಊರುಗೋಲು ಬಿಟ್ಟರು. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಬಲ ಮತ್ತು ಸಮತೋಲನದ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಸುಮ್ನೆ ಅಲ್ಲ.

ಹಾಗೆಂದು ಟ್ರೆಡ್‌ಮಿಲ್ ತಂದು ಟಿವಿ ಎದುರು ಇಟ್ಟರೆ ಅರ್ಧ ಕೆಲಸ ಮಾತ್ರ ಆದೀತು. ಆಕ್ಸ್‌ಫರ್ಡ್‌ನಲ್ಲಿ ದೋಣಿ ಸ್ಪರ್ಧೆಯ 12 ಹುಡುಗರ ಮೇಲೆ ಮಾಡಿದ ಒಂದು ಪರೀಕ್ಷೆ 2010ರಲ್ಲಿ ಪ್ರಕಟವಾಯಿತು. ಒಬ್ಬೊಬ್ಬರೇ ಹುಟ್ಟು ಹಾಕಿದ್ದಕ್ಕಿಂತ ಒಟ್ಟಿಗೆ, ಒಂದೇ ಲಯದಲ್ಲಿ ಹಾಕಿದಾಗ ನೋವು ತಡೆಯುವ ಶಕ್ತಿ ಜಾಸ್ತಿ ಕಂಡಿತು. ಶ್ರಮ ಎರಡೂ ಸಲ ಒಂದೇ. ನೋವು ತಗ್ಗಿಸುವ ಮೆದುಳಿನ ರಾಸಾಯನಿಕ ಎಂಡಾರ್ಫಿನ್ ಕಾರಣ ಎಂದು ಅವರ ಅಂದಾಜು. ನಮ್ಮ ಕುಣಿತ ಭಜನೆಯಲ್ಲಿ ತಾಳಕ್ಕೆ ಹೆಜ್ಜೆ ಹಾಕುವವರಿಗೆ ಇದನ್ನು ವಿವರಿಸುವ ಅಗತ್ಯ ಇಲ್ಲ.

ಡೈರಿಯ ದಾರಿ ದೊಡ್ಡಮ್ಮನಿಗೆ ಎರಡನ್ನೂ ಕೊಡುತ್ತಿತ್ತು: ಏರುದಾರಿ ಮತ್ತು ಏರುದಾರಿಯಲ್ಲಿ ಸಿಗುವ ಜನ. "ದಿನಾ ವಾಕಿಂಗ್ ಮಾಡಿ" ಎಂದು ನಾನೂ ಹೇಳಿ ನೋಡಿದೆ. "ಎಲ್ಲಿಗೆ ಹೋಗುವುದು? ಅಲ್ಲಿ ಯಾರಿದ್ದಾರೆ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಮೂರನೇ ಮನೆಯಿಂದ. ಅವರದ್ದು ಮಲ್ಲಿಗೆ ತೋಟ. ಮೊಗ್ಗು ಕಟ್ಟಲು ಕೈ ಸಾಲುತ್ತಿರಲಿಲ್ಲ. ಮೊದಲ ವಾರ ಆ ಮನೆಯ ಸೊಸೆಯೇ ಬಂದು ಕೈ ಹಿಡಿದು ಕರೆದುಕೊಂಡು ಹೋದಳು. ಮಳೆಗಾಲದಲ್ಲಿ ಪಾಚಿಗೆ ಕಾಲು ಜಾರದಂತೆ ಅಂಗಳದಲ್ಲಿ ಮಡಲು ಹಾಸಿದರು. ಕೂತು ಏಳುವ ವ್ಯಾಯಾಮ ಫಿಸಿಯೋಥೆರಪಿಯವರು ಹೇಳಿಕೊಟ್ಟರು. ಅದನ್ನೂ ಅಲ್ಲಿಯ ಜಗಲಿಯಲ್ಲೇ ಮಾಡುತ್ತಾರೆ, ಮನೆಯಲ್ಲಿ ಮಾಡುವುದಿಲ್ಲ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂವಿನವನು ಬರುವ ಮೊದಲು ಕಟ್ಟಿ ಮುಗಿಯಬೇಕು. ಈಗ ಗೋಡೆ ಹಿಡಿಯುವುದಿಲ್ಲ, ಕೊಡೆಯನ್ನೇ ಊರಿಕೊಂಡು ಹೋಗುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ನಾನು ಫೋನ್ ಮಾಡಿದರೆ, "ಈಗ ಪುರುಸೊತ್ತಿಲ್ಲ ಮಾರಾಯ, ಮಧ್ಯಾಹ್ನ ಮಾಡು" ಎಂದು ಇಟ್ಟುಬಿಡುತ್ತಾರೆ.